ಕ್ರಿಪ್ಟೊ ಎಲ್ಲಿಡಬೇಕು, ಕೀಲಿ ಯಾರ ಕೈಲಿರಬೇಕು? ಕೊಳ್ಳುವ ಮುಂಚೆ ಒಂದು ಹೋಲಿಕೆ

ಕ್ರಿಪ್ಟೊ ಬಗ್ಗೆ ಕೇಳುವವರು ಬಹುತೇಕ "ಯಾವ ಕಾಯಿನ್ ತಗೊಳ್ಳಲಿ?" ಅಂತಲೇ ಮಾತು ಶುರು ಮಾಡುತ್ತಾರೆ. ಹತ್ತು ನಿಮಿಷ ಕಳೆದ ಮೇಲೆ ನಿಜವಾದ ಗೊಂದಲ ಹೊರಗೆ ಬರುತ್ತದೆ. ಕೊಂಡದ್ದನ್ನು ಎಕ್ಸ್‌ಚೇಂಜಿನಲ್ಲೇ, ಅಂದರೆ ಕೊಂಡು ಮಾರಲು ಅನುವು ಮಾಡುವ ಕಂಪನಿಯಲ್ಲೇ ಬಿಡುವುದಾ? ಮೊಬೈಲಿನ ವಾಲೆಟ್‌ಗೆ ತಂದುಕೊಳ್ಳುವುದಾ? ಪೆನ್‌ಡ್ರೈವ್ ಥರ ಇರುತ್ತಲ್ಲ, ಆ ಹಾರ್ಡ್‌ವೇರ್ ವಾಲೆಟ್ ಕೊಳ್ಳುವುದಾ? ಬಡ್ಡಿ ಕೊಡುತ್ತೇವೆ ಅನ್ನುವವರ ಹತ್ತಿರ ಇಡುವುದಾ? ಇಲ್ಲಾ ಈ ತಲೆನೋವೇ ಬೇಡ ಅಂತ ಫಂಡ್ ಮೂಲಕ ಹೋಗುವುದಾ?

ಯಾವ ಕಾಯಿನ್ ಏರುತ್ತದೆ ಅಂತ ನಾನು ಹೇಳಲಾರೆ. ಖಚಿತವಾಗಿ ಹೇಳುತ್ತೇನೆ ಅನ್ನುವವರಿಂದ ದೂರ ಇರಿ. ಆದರೆ ಎಲ್ಲಿಡಬೇಕು ಅನ್ನುವುದನ್ನು ಕೂತು ಲೆಕ್ಕ ಹಾಕಿ ತೀರ್ಮಾನ ಮಾಡಬಹುದು. ಬೆಲೆ ಬಿದ್ದು ನಷ್ಟವಾದವರಿಗೆ ಮತ್ತೆ ಏರೀತು ಅನ್ನುವ ಆಸೆಯಾದರೂ ಇರುತ್ತದೆ. ಕೀಲಿ ಕಳಕೊಂಡವರಿಗೆ, ಮೋಸಗಾರರ ಕೈಗೆ ಕೊಟ್ಟವರಿಗೆ ಅದೂ ಇರುವುದಿಲ್ಲ.

ಕೀಲಿ ಅಂದರೆ ಏನು?

ಬಿಟ್‌ಕಾಯಿನ್ ಶುರುವಾದದ್ದು 2009ರ ಜನವರಿಯಲ್ಲಿ. ಅದರೊಳಗೆ ನಾಣ್ಯ ಅಂತ ಯಾವ ವಸ್ತುವೂ ಇಲ್ಲ. ಸಾವಿರಾರು ಕಂಪ್ಯೂಟರುಗಳಲ್ಲಿ ಒಂದೇ ಥರ ಇರುವ ಒಂದು ಲೆಕ್ಕದ ಪುಸ್ತಕ ಇದೆ. ಯಾವ ವಿಳಾಸದ ಹೆಸರಿನಲ್ಲಿ ಎಷ್ಟಿದೆ ಅಂತ ಅದರಲ್ಲಿ ಬರೆದಿರುತ್ತದೆ. ಆ ವಿಳಾಸದಿಂದ ಬೇರೆ ಕಡೆಗೆ ಕಳಿಸಬೇಕಾದರೆ ಅದಕ್ಕೆ ಸೇರಿದ ಗುಟ್ಟಿನ ಸಂಖ್ಯೆ ಬೇಕು. ಅದೇ ಪ್ರೈವೇಟ್ ಕೀ, ನಮ್ಮ ಮಾತಿನಲ್ಲಿ ಕೀಲಿ. ನೀವು ಯಾರು, ನಿಮ್ಮ ಹೆಸರೇನು ಅಂತ ಆ ಪುಸ್ತಕಕ್ಕೆ ಗೊತ್ತಿಲ್ಲ. ಕೀಲಿ ಯಾರ ಹತ್ತಿರ ಇದೆಯೋ ಅವರೇ ಒಡೆಯರು. ಒಮ್ಮೆ ಕಳಿಸಿದ್ದನ್ನು ರದ್ದು ಮಾಡಲು ಬರುವುದಿಲ್ಲ. ಬ್ಯಾಂಕಿಗೆ ಫೋನ್ ಮಾಡಿ "ತಪ್ಪಾಗಿ ಹೋಯ್ತು, ತಡೀರಿ" ಅನ್ನುತ್ತೇವಲ್ಲ, ಹಾಗೆ ಹೇಳಲು ಇಲ್ಲಿ ಆ ಕಡೆ ಯಾರೂ ಇಲ್ಲ.

ಅಳೆಯುವ ಐದು ಪ್ರಶ್ನೆಗಳು

ಈ ಒಂದು ವಿಷಯ ಗೊತ್ತಾದರೆ ಅಳತೆಗೋಲು ತಾನಾಗೇ ಸಿಗುತ್ತದೆ. ಮೊದಲನೆಯದು, ಕೀಲಿ ಯಾರ ಕೈಲಿದೆ. ಎರಡನೆಯದು, ಏನಾದರೂ ತಪ್ಪಾದರೆ ಕೇಳಲು ಯಾರಾದರೂ ಇದ್ದಾರಾ. ಮೂರನೆಯದು, ಬೇಕಾದಾಗ ದುಡ್ಡಾಗಿ ಮಾಡಿಕೊಂಡು ಹೊರಗೆ ಬರಲು ಎಷ್ಟು ಸುಲಭ. ನಾಲ್ಕನೆಯದು, ಅದು ನಿಮ್ಮಿಂದ ಎಷ್ಟು ಎಚ್ಚರ, ಎಷ್ಟು ಶಿಸ್ತು ಬೇಡುತ್ತದೆ. ಐದನೆಯದನ್ನು ಯಾರೂ ಕೇಳುವುದೇ ಇಲ್ಲ: ನಾಳೆ ನಿಮಗೇನಾದರೂ ಆದರೆ ಮನೆಯವರಿಗೆ ಅದು ಸಿಗುತ್ತದಾ?

ಬೆಲೆಯನ್ನು ಈ ಪಟ್ಟಿಗೆ ಸೇರಿಸಿಲ್ಲ. ಯಾಕೆಂದರೆ ಎಲ್ಲಿಟ್ಟರೂ ಬೆಲೆಯ ಅಪಾಯ ಒಂದೇ. 2021ರ ನವೆಂಬರಿನಲ್ಲಿ ಒಂದು ಬಿಟ್‌ಕಾಯಿನ್‌ಗೆ ಸುಮಾರು 69,000 ಡಾಲರ್ ಇತ್ತು. ಒಂದೇ ವರ್ಷದಲ್ಲಿ 16,000 ಡಾಲರಿಗಿಂತ ಕೆಳಗೆ ಬಂತು. ಆಮೇಲೆ ಮತ್ತೆ ಏರಿತು, ನಿಜ. ಆದರೆ ಆ ಒಂದು ವರ್ಷದಲ್ಲಿ ಮನೆಯ ಖರ್ಚಿಗೆ ದುಡ್ಡು ಬೇಕಾದವರು ಮುಕ್ಕಾಲು ಪಾಲು ಕಳಕೊಂಡೇ ಮಾರಬೇಕಾಯಿತು. ಸಣ್ಣಪುಟ್ಟ ಕಾಯಿನ್‌ಗಳಲ್ಲಂತೂ ಎಷ್ಟೋ ಬಿದ್ದವು ಮೇಲೇಳಲೇ ಇಲ್ಲ. ಹಾಗಾಗಿ ಪೂರ್ತಿ ಹೋದರೂ ಬದುಕು ಅಲುಗಾಡದಷ್ಟು ದುಡ್ಡು ಮಾತ್ರ ಇಲ್ಲಿಗೆ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಸಾಲ ಮಾಡಿ ಬರುವುದಾದರೆ ಮುಂದೆ ಓದುವ ಅಗತ್ಯವೇ ಇಲ್ಲ. ದಯವಿಟ್ಟು ಬೇಡ.

ಎಕ್ಸ್‌ಚೇಂಜಿನಲ್ಲೇ ಬಿಡುವುದು

ಇದು ಎಲ್ಲಕ್ಕಿಂತ ಸುಲಭ. ಪಾಸ್‌ವರ್ಡ್ ಮರೆತರೆ ಹೊಸದು ಮಾಡಿಕೊಳ್ಳಬಹುದು. ಮಾರಲು ಎರಡು ನಿಮಿಷ ಸಾಕು. ಆದರೆ ಕೀಲಿ ಅವರ ಹತ್ತಿರ ಇರುತ್ತದೆ. ನಿಮ್ಮ ಸ್ಕ್ರೀನಿನ ಮೇಲೆ ಕಾಣುವ ಸಂಖ್ಯೆ "ನಿಮಗೆ ಇಷ್ಟು ಕೊಡಬೇಕು" ಅಂತ ಅವರು ಬರೆದಿಟ್ಟುಕೊಂಡ ಲೆಕ್ಕ, ಅಷ್ಟೇ. ಅವರು ಮುಳುಗಿದರೆ ನೀವು ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಬೇಕು.

ಆ ಸಾಲು ಎಷ್ಟು ಉದ್ದ ಅಂತ ಟೋಕಿಯೊದ ಮೌಂಟ್ ಗಾಕ್ಸ್ ತೋರಿಸಿತು. ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಬಿಟ್‌ಕಾಯಿನ್ ಎಕ್ಸ್‌ಚೇಂಜ್ ಅದು. 2014ರಲ್ಲಿ ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿವೆ ಅಂತ ಹೇಳಿ ಬಾಗಿಲು ಹಾಕಿತು. ಅದರಲ್ಲಿ 2 ಲಕ್ಷದಷ್ಟು ಆಮೇಲೆ ಸಿಕ್ಕವು. ಗ್ರಾಹಕರಿಗೆ ಅವನ್ನು ಹಂಚಲು ಶುರು ಮಾಡಿದ್ದು 2024ರಲ್ಲಿ, ಅಂದರೆ ಹತ್ತು ವರ್ಷ ಕಾದ ಮೇಲೆ. 2022ರ ನವೆಂಬರಿನಲ್ಲಿ ಎಫ್‌ಟಿಎಕ್ಸ್ ಅನ್ನುವ ಇನ್ನೊಂದು ಎಕ್ಸ್‌ಚೇಂಜ್ ಕುಸಿದಾಗ ಕಾರಣ ಬೇರೆ ಇತ್ತು. ಗ್ರಾಹಕರ ದುಡ್ಡನ್ನು ಒಡೆಯನ ಇನ್ನೊಂದು ಕಂಪನಿಗೆ ದಾಟಿಸಲಾಗಿತ್ತು. ಆ ಒಡೆಯ ಸ್ಯಾಮ್ ಬ್ಯಾಂಕ್‌ಮನ್ ಫ್ರೀಡ್‌ಗೆ 2024ರ ಮಾರ್ಚಿನಲ್ಲಿ 25 ವರ್ಷ ಜೈಲು ಶಿಕ್ಷೆಯಾಯಿತು. ಹೆಸರು ದೊಡ್ಡದು, ಜಾಹೀರಾತು ಎಲ್ಲೆಡೆ ಬರುತ್ತದೆ ಅನ್ನುವುದು ಭದ್ರತೆಯ ಗುರುತೇನಲ್ಲ.

ಇಷ್ಟಾದರೂ ಕೆಲವರಿಗೆ ನಾನು ಎಕ್ಸ್‌ಚೇಂಜೇ ಸರಿ ಅನ್ನುತ್ತೇನೆ. ಮೊತ್ತ ಚಿಕ್ಕದಿದ್ದರೆ, ಕಾಗದಪತ್ರ ಎಲ್ಲಿಟ್ಟೆ ಅಂತ ಆಗಾಗ ಮರೆಯುವ ಸ್ವಭಾವ ಇದ್ದರೆ, ಅಥವಾ ಇದೇ ಮೊದಲ ಸಲವಾದರೆ ಬೇರೆ ದಾರಿ ಹಿಡಿಯುವ ಅವಸರ ಬೇಡ. ನಿಮ್ಮ ದೇಶದ ನಿಯಂತ್ರಕರ ಹತ್ತಿರ ನೋಂದಣಿ ಆಗಿರುವ ಕಂಪನಿಯೇ ಅಂತ ನೋಡಿಕೊಳ್ಳಿ. ಲಾಗಿನ್‌ಗೆ ಎಸ್‌ಎಂಎಸ್ ಓಟಿಪಿ ಸಾಲದು, ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿ. ನಿಮ್ಮ ನಂಬರಿನ ಸಿಮ್ ಅನ್ನು ಬೇರೆಯವರು ತಮ್ಮ ಹೆಸರಿಗೆ ಮಾಡಿಸಿಕೊಂಡರೆ ಎಸ್‌ಎಂಎಸ್ ಅವರಿಗೇ ಹೋಗುತ್ತದೆ. ದುಡ್ಡು ಹಾಕಿದ ವಾರದಲ್ಲೇ ಸ್ವಲ್ಪ ವಾಪಸ್ ನಿಮ್ಮ ಬ್ಯಾಂಕಿಗೆ ತೆಗೆದು ನೋಡಿ. ಒಳಗೆ ಹೋಗುವ ಬಾಗಿಲು ಎಲ್ಲ ಕಡೆ ಅಗಲವಾಗಿರುತ್ತದೆ, ಹೊರಗೆ ಬರುವ ಬಾಗಿಲನ್ನು ನೀವೇ ತೆರೆದು ನೋಡಬೇಕು.

ಮೊಬೈಲ್ ವಾಲೆಟ್

ಇದು ಕೀಲಿಯನ್ನು ನಿಮ್ಮ ಫೋನಿನಲ್ಲೇ ಇಟ್ಟುಕೊಳ್ಳುವ ಆ್ಯಪ್. ಇಲ್ಲಿ ಕೀಲಿ ನಿಮ್ಮದು. ಆ್ಯಪ್ ಪುಕ್ಕಟೆ. ತೆರೆದ ಕೂಡಲೇ 12 ಅಥವಾ 24 ಇಂಗ್ಲಿಷ್ ಪದ ತೋರಿಸಿ ಬರೆದುಕೊಳ್ಳಿ ಅನ್ನುತ್ತದೆ. ಇದು ಸೀಡ್ ಫ್ರೇಸ್. 2048 ಪದಗಳ ಒಂದು ಪಟ್ಟಿ ಇದೆ, ಅದರಿಂದ ಆರಿಸಿದ ಪದಗಳಿವು. ಇದನ್ನು ಪಾಸ್‌ವರ್ಡ್ ಅಂದುಕೊಳ್ಳಬೇಡಿ. ಪಾಸ್‌ವರ್ಡನ್ನು ಬದಲಾಯಿಸಬಹುದು. ಈ ಪದಗಳನ್ನು ಬದಲಾಯಿಸಲು ಬರುವುದಿಲ್ಲ, ಯಾಕೆಂದರೆ ಕೀಲಿ ಹುಟ್ಟುವುದೇ ಇವುಗಳಿಂದ. ಫೋನ್ ನೀರಿಗೆ ಬಿದ್ದರೂ ಇನ್ನೊಂದು ಫೋನಿನಲ್ಲಿ ಈ ಪದಗಳನ್ನು ಅದೇ ಕ್ರಮದಲ್ಲಿ ಹಾಕಿದರೆ ಎಲ್ಲ ವಾಪಸ್ ಬರುತ್ತದೆ. ಬೇರೆಯವರು ಹಾಕಿದರೂ ಅಷ್ಟೇ, ಅವರಿಗೂ ಬರುತ್ತದೆ.

ಕ್ರಿಪ್ಟೊ ಮೋಸಗಳಲ್ಲಿ ದೊಡ್ಡ ಪಾಲು ಈ ಪದಗಳ ಬೇಟೆ. ಟೆಲಿಗ್ರಾಮಿನಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ, ಐದು ನಿಮಿಷದಲ್ಲಿ "ಸಪೋರ್ಟ್ ಟೀಮ್" ಅಂತ ಯಾರೋ ಮೆಸೇಜ್ ಮಾಡುತ್ತಾರೆ. ಮಾತು ತುಂಬ ಸೌಮ್ಯ. ಕೊನೆಗೆ ಒಂದು ಲಿಂಕ್ ಕೊಟ್ಟು "ವಾಲೆಟ್ ಸಿಂಕ್ ಮಾಡಲು ನಿಮ್ಮ 12 ಪದ ಹಾಕಿ" ಅನ್ನುತ್ತಾರೆ. ಯಾವ ಕಂಪನಿಗೂ, ಯಾವ ಸಿಬ್ಬಂದಿಗೂ, ಯಾವ ಕಾರಣಕ್ಕೂ ಆ ಪದಗಳು ಬೇಕಾಗುವುದಿಲ್ಲ. ಕೇಳಿದವರು ಕಳ್ಳರು. ಫೋಟೊ ತೆಗೆದು ಗ್ಯಾಲರಿಯಲ್ಲಿ ಇಡಬೇಡಿ, ಮೇಲ್‌ನಲ್ಲಿ ಕಳಿಸಿಕೊಳ್ಳಬೇಡಿ. ಪೆನ್ನು, ಕಾಗದ ಸಾಕು.

ಇನ್ನೊಂದು ಮೋಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವಿಳಾಸ ಅಂದರೆ ನಲವತ್ತರ ಆಸುಪಾಸು ಅಕ್ಷರ, ಅಂಕಿಗಳ ಸಾಲು. ಯಾರೂ ಪೂರ್ತಿ ಓದುವುದಿಲ್ಲ, ಮೊದಲ ನಾಲ್ಕು ಕೊನೆಯ ನಾಲ್ಕು ನೋಡಿ ಸುಮ್ಮನಾಗುತ್ತೇವೆ. ಕಳ್ಳರಿಗೆ ಇದು ಗೊತ್ತು. ನೀವು ಆಗಾಗ ಕಳಿಸುವ ವಿಳಾಸದ ಥರವೇ ಶುರುವಾಗಿ ಅದರ ಥರವೇ ಮುಗಿಯುವ ಇನ್ನೊಂದು ವಿಳಾಸ ತಯಾರಿಸಿ, ಅಲ್ಲಿಂದ ನಿಮಗೆ ಪುಡಿಗಾಸು ಕಳಿಸುತ್ತಾರೆ. ಅದು ನಿಮ್ಮ ಹಳೇ ವ್ಯವಹಾರದ ಪಟ್ಟಿಯಲ್ಲಿ ಕೂರುತ್ತದೆ. ಮುಂದಿನ ಸಲ ನೀವು ಆ ಪಟ್ಟಿಯಿಂದಲೇ ಕಾಪಿ ಮಾಡಿದರೆ ಮುಗಿಯಿತು. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೆ ಸುಮಾರು 6.8 ಕೋಟಿ ಡಾಲರ್ ಬೆಲೆಯ ಕಾಯಿನ್‌ಗಳನ್ನು ಕಳ್ಳನ ವಿಳಾಸಕ್ಕೆ ಕಳಿಸಿಬಿಟ್ಟರು. ಮಾತುಕತೆಯ ಮೇಲೆ ಬಹುಪಾಲು ವಾಪಸ್ ಬಂತು. ಅಂಥದ್ದು ತೀರಾ ಅಪರೂಪ. ವಿಳಾಸವನ್ನು ಯಾವಾಗಲೂ ಪಡೆಯುವವರಿಂದಲೇ ಹೊಸದಾಗಿ ತಗೊಳ್ಳಿ, ನಡುವಿನ ಅಕ್ಷರಗಳನ್ನೂ ಹೋಲಿಸಿ, ಮೊದಲು ಚೂರು ಕಳಿಸಿ ತಲುಪಿತಾ ಅಂತ ಕೇಳಿ.

ಪುಕ್ಕಟೆ ಟೋಕನ್ (ಕಾಯಿನ್ ಥರದ್ದೇ) ಕೊಡುತ್ತೇವೆ, ವಾಲೆಟ್ ಕನೆಕ್ಟ್ ಮಾಡಿ ಅನ್ನುವ ಸೈಟುಗಳಿಗೂ ಕೈ ಹಾಕಬೇಡಿ. ಅಲ್ಲಿ "ಅಪ್ರೂವ್" ಒತ್ತಿದರೆ ಕೀಲಿ ಕೊಡದೆಯೂ ನಿಮ್ಮ ಟೋಕನ್ ತೆಗೆಯುವ ಅನುಮತಿ ಅವರಿಗೆ ಸಿಕ್ಕಿಬಿಡಬಹುದು. ಹಾಗಾಗಿ ಮೊಬೈಲ್ ವಾಲೆಟ್ ಅಂದರೆ ಜೇಬಿನ ಪರ್ಸು. ಪರ್ಸಿನಲ್ಲಿ ಎಷ್ಟಿಡುತ್ತೀರೋ ಅಷ್ಟೇ ಇಡಿ.

ಹಾರ್ಡ್‌ವೇರ್ ವಾಲೆಟ್

ಕೀಲಿ ಈ ಪುಟ್ಟ ಸಾಧನದ ಒಳಗೇ ಇರುತ್ತದೆ, ಇಂಟರ್‌ನೆಟ್‌ಗೆ ತಾಕುವುದಿಲ್ಲ. ಕಂಪ್ಯೂಟರಿಗೆ ವೈರಸ್ ಬಂದಿದ್ದರೂ ಸಾಧನದ ಮೇಲಿನ ಬಟನ್ ಒತ್ತದೆ ಏನೂ ಹೊರಗೆ ಹೋಗುವುದಿಲ್ಲ. ದೊಡ್ಡ ಮೊತ್ತವನ್ನು ವರ್ಷಗಟ್ಟಲೆ ಇಡುವವರಿಗೆ ನನ್ನ ಪ್ರಕಾರ ಇದೇ ಒಳ್ಳೆಯ ದಾರಿ. ಸಾಧನಕ್ಕೆ ದುಡ್ಡು ಕೊಡಬೇಕು. ಇಟ್ಟಿರುವ ಮೊತ್ತವೇ ಸಾಧನದ ಬೆಲೆಯಷ್ಟಿದ್ದರೆ ಕೊಳ್ಳುವುದರಲ್ಲಿ ಅರ್ಥ ಇಲ್ಲ.

ತಯಾರಿಸಿದ ಕಂಪನಿಯಿಂದಲೇ ನೇರವಾಗಿ ಕೊಳ್ಳಿ, ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಡಬ್ಬ ತೆರೆದಾಗ ಪದಗಳನ್ನು ಬರೆಯುವ ಚೀಟಿ ಖಾಲಿ ಇರಬೇಕು. ಅದರಲ್ಲಿ ಆಗಲೇ ಪದಗಳು ಅಚ್ಚಾಗಿದ್ದರೆ ಆ ಕೀಲಿಯ ಇನ್ನೊಂದು ಪ್ರತಿ ಕಳ್ಳರ ಹತ್ತಿರ ಇದೆ ಅಂತ ಅರ್ಥ. 2020ರಲ್ಲಿ ಇಂಥ ಸಾಧನ ತಯಾರಿಸುವ ಲೆಡ್ಜರ್ ಕಂಪನಿಯ ಗ್ರಾಹಕರ ಹೆಸರು, ಮನೆ ವಿಳಾಸಗಳು ಸೋರಿಕೆಯಾದವು. ಅದಾದ ಮೇಲೆ ಕೆಲವರ ಮನೆಗೆ ನಕಲಿ ಸಾಧನಗಳೇ ಅಂಚೆಯಲ್ಲಿ ಬಂದವು. ಜೊತೆಗೆ "ನಿಮ್ಮ ಸುರಕ್ಷತೆಗಾಗಿ ಇದನ್ನು ಬಳಸಿ" ಅನ್ನುವ ಕಾಗದ. ಕೇಳದೆ ಬಂದ ಸಾಧನವನ್ನು ಕಂಪ್ಯೂಟರಿಗೆ ಸಿಕ್ಕಿಸಲೇಬೇಡಿ.

ಸಾಧನ ಇದ್ದ ಮಾತ್ರಕ್ಕೆ ಕಣ್ಣುಮುಚ್ಚಿ ಸಹಿ ಮಾಡುವ, ಅಂದರೆ ಕೀಲಿ ಬಳಸಿ ಒಪ್ಪಿಗೆ ಕೊಡುವ ಹಾಗೂ ಇಲ್ಲ. 2025ರ ಫೆಬ್ರುವರಿಯಲ್ಲಿ ಬೈಬಿಟ್ ಎಕ್ಸ್‌ಚೇಂಜಿನಿಂದ ಸುಮಾರು 150 ಕೋಟಿ ಡಾಲರ್ ಬೆಲೆಯ ಈಥರ್ ಅನ್ನುವ ಕಾಯಿನ್ ಕಳವಾಯಿತು. ಕೀಲಿಗಳನ್ನು ಬೇರೆ ಬೇರೆಯವರ ಕೈಲಿ ಇಟ್ಟಿದ್ದರು. ಆದರೆ ಸಹಿ ಮಾಡುವವರ ಸ್ಕ್ರೀನಿನಲ್ಲಿ ಕಂಡದ್ದೇ ಬೇರೆ, ಸಹಿ ಬಿದ್ದದ್ದೇ ಬೇರೆ. ಉತ್ತರ ಕೊರಿಯಾದ ಹ್ಯಾಕರ್‌ಗಳ ಕೆಲಸ ಅಂತ ಎಫ್‌ಬಿಐ ಹೇಳಿತು. ನಮಗೆ ಇದರಿಂದ ಬೇಕಾದ ಪಾಠ ಇಷ್ಟು: ಕಂಪ್ಯೂಟರ್ ಏನು ತೋರಿಸಿದರೂ ಸಾಧನದ ಸಣ್ಣ ಪರದೆ ತೋರಿಸುವ ವಿಳಾಸ, ಮೊತ್ತ ನೋಡಿ ಬಟನ್ ಒತ್ತಿ. ಅರ್ಥವಾಗದಿದ್ದರೆ ಒತ್ತಬೇಡಿ.

ಐದನೇ ಪ್ರಶ್ನೆ ಇಲ್ಲಿ ಜೋರಾಗಿ ಬರುತ್ತದೆ. ನೀವು ಯಾರಿಗೂ ಹೇಳದೆ ಇಟ್ಟರೆ ನಿಮ್ಮ ಜೊತೆಗೇ ಹೋಗುತ್ತದೆ. ಎಲ್ಲರಿಗೂ ಹೇಳಿದರೆ ಕಳುವಾಗುತ್ತದೆ. ಪದಗಳ ಚೀಟಿ ಒಂದು ಕಡೆ, ಅದನ್ನು ಹೇಗೆ ಬಳಸಬೇಕು ಅನ್ನುವ ಸರಳ ಕಾಗದ ಇನ್ನೊಂದು ಕಡೆ ಇಟ್ಟು, ಮನೆಯಲ್ಲಿ ನಂಬುವ ಒಬ್ಬರಿಗೆ ಎರಡೂ ಎಲ್ಲಿವೆ ಅಂತ ಹೇಳಿಡಿ.

ಬಡ್ಡಿ ಕೊಡುವವರು

ಇಲ್ಲಿ ಒಂದೇ ಪ್ರಶ್ನೆ ಸಾಕು. ಆ ಬಡ್ಡಿ ಎಲ್ಲಿಂದ ಬರುತ್ತಿದೆ? ಸೆಲ್ಸಿಯಸ್ ಕಂಪನಿ ಕೆಲವು ಕಾಯಿನ್‌ಗಳಿಗೆ ಶೇ 17ರವರೆಗೆ ಅಂತ ಹೇಳುತ್ತಿತ್ತು. 2022ರ ಜೂನಿನಲ್ಲಿ ಒಂದು ದಿನ ದುಡ್ಡು ತೆಗೆಯುವುದನ್ನು ನಿಲ್ಲಿಸಿತು, ಮುಂದಿನ ತಿಂಗಳು ದಿವಾಳಿ ಅರ್ಜಿ ಹಾಕಿತು. ಅದಕ್ಕೂ ಮೊದಲು ಮೇ ತಿಂಗಳಲ್ಲಿ ಟೆರ್ರಾ ಅನ್ನುವ ಕ್ರಿಪ್ಟೊ ಯೋಜನೆ ಕುಸಿದಿತ್ತು. ಯಾವಾಗಲೂ ಒಂದು ಡಾಲರಿಗೆ ಸಮ ಅಂದಿದ್ದ ಅದರ ಕಾಯಿನ್ ಮೇಲೆ ಹತ್ತಿರ ಹತ್ತಿರ ಶೇ 20 ಬಡ್ಡಿ ಸಿಗುತ್ತಿತ್ತು. ಅದಕ್ಕೆ ಆಸರೆಯಾಗಿದ್ದ ಲೂನಾ ಅನ್ನುವ ಇನ್ನೊಂದು ಕಾಯಿನ್ ಆ ತಿಂಗಳ ಮೊದಲಲ್ಲಿ 80 ಡಾಲರ್ ಆಸುಪಾಸಿನಲ್ಲಿತ್ತು. ಎರಡು ವಾರ ಕಳೆಯುವಷ್ಟರಲ್ಲಿ ಒಂದು ಸೆಂಟೂ ಬೆಲೆ ಬಾಳುತ್ತಿರಲಿಲ್ಲ.

ಈಥರ್‌ನ ಸ್ಟೇಕಿಂಗ್, ಅಂದರೆ ಕಾಯಿನ್‌ಗಳನ್ನು ಅದರ ಜಾಲಕ್ಕೆ ಒತ್ತೆ ಇಡುವುದು, ಇದಕ್ಕಿಂತ ಬೇರೆ. ಅಲ್ಲಿ ಬರುವ ಆದಾಯ ಜಾಲವನ್ನು ನಡೆಸಲು ನೆರವಾದದ್ದಕ್ಕೆ ಸಿಗುವ ಕೂಲಿ. ಅದಕ್ಕೇ ಅದು ಕಡಿಮೆ, ಮತ್ತೆ ಅದನ್ನೂ ಈಥರ್‌ನಲ್ಲೇ ಕೊಡುತ್ತಾರೆ. ಹೊರಗೆ ಬರಲು ಕಾಯಬೇಕಾಗಬಹುದು. ಹೊಸಬರು ಎರಡನ್ನೂ ಬಿಟ್ಟುಬಿಡಿ ಅನ್ನುವುದೇ ನನ್ನ ಮಾತು.

ಫಂಡ್ ಅಥವಾ ಇಟಿಎಫ್

ಅಮೆರಿಕದಲ್ಲಿ 2024ರ ಜನವರಿಯಲ್ಲಿ ನೇರವಾಗಿ ಬಿಟ್‌ಕಾಯಿನ್ ಇಟ್ಟುಕೊಳ್ಳುವ ಇಟಿಎಫ್‌ಗಳಿಗೆ (ಷೇರುಪೇಟೆಯಲ್ಲಿ ಸಿಗುವ ಫಂಡ್‌ಗಳಿಗೆ) ಒಪ್ಪಿಗೆ ಸಿಕ್ಕಿತು. ಇಲ್ಲಿ ಪದಗಳ ಚೀಟಿ ಇಲ್ಲ, ವಿಳಾಸದ ಭಯ ಇಲ್ಲ. ಷೇರಿನ ಥರ ಕೊಳ್ಳುವುದು, ಮಾರುವುದು. ನಾಮಿನಿ, ವಾರಸುದಾರರ ವಿಷಯವೂ ಷೇರಿನ ಹಾಗೇ. ವರ್ಷಕ್ಕೊಂದಿಷ್ಟು ಶುಲ್ಕ ಕೊಡಬೇಕು, ಮಾರುಕಟ್ಟೆ ತೆರೆದಿದ್ದಾಗ ಮಾತ್ರ ವ್ಯವಹಾರ, ಯಾರಿಗೂ ಕಾಯಿನ್ ಕಳಿಸಲು ಬರುವುದಿಲ್ಲ. ಎಲ್ಲ ದೇಶಗಳಲ್ಲೂ ಸಿಗುವುದಿಲ್ಲ. ಬೆಲೆಯ ಏರಿಳಿತದಲ್ಲಿ ಪಾಲು ಇದ್ದರೆ ಸಾಕು, ತಂತ್ರಜ್ಞಾನ ಬೇಡ ಅನ್ನುವವರಿಗೆ ಸಿಗುವ ಕಡೆ ಇದೇ ನೆಮ್ಮದಿ.

"ನಾವೇ ಮಾಡಿಕೊಡ್ತೀವಿ" ಅನ್ನುವವರು

ಇದೂ ಒಂದು ಆಯ್ಕೆ ಅನ್ನುವ ಹಾಗೇ ಜನರ ಮುಂದೆ ಬರುತ್ತದೆ. ಪರಿಚಯದವರೊಬ್ಬರು ಒಮ್ಮೆ ತಮ್ಮ ಫೋನ್ ನನ್ನ ಕೈಗೆ ಕೊಟ್ಟರು. ಆ್ಯಪ್ ತುಂಬ ಚೆನ್ನಾಗಿತ್ತು. ಹಸಿರು ಗೆರೆ ಮೇಲಕ್ಕೆ ಹೋಗುತ್ತಿತ್ತು, ಹಾಕಿದ ದುಡ್ಡು ಮೂರು ಪಟ್ಟಾಗಿ ಕಾಣುತ್ತಿತ್ತು. ಆನ್‌ಲೈನಿನಲ್ಲಿ ಸ್ನೇಹವಾದವರು ಲಿಂಕ್ ಕಳಿಸಿದ್ದರಂತೆ. ಶುರುವಿನಲ್ಲಿ ಸ್ವಲ್ಪ ತೆಗೆದು ನೋಡಿದ್ದರು, ಬ್ಯಾಂಕಿಗೆ ಬಂದಿತ್ತು. ಆ ನಂಬಿಕೆಯ ಮೇಲೆ ಉಳಿತಾಯವೆಲ್ಲ ಹಾಕಿದರು. ಈಗ "ವಿತ್‌ಡ್ರಾ" ಒತ್ತಿದರೆ ಕೆಂಪು ಅಕ್ಷರದಲ್ಲಿ ಒಂದು ಸಾಲು: ಲಾಭದ ಮೇಲೆ ಶೇ 15 ತೆರಿಗೆ ಮೊದಲು ಕಟ್ಟಿ. ಲಾಭದಿಂದಲೇ ಕಳೆದುಕೊಳ್ಳಿ ಅಂದರೆ ಆಗುವುದಿಲ್ಲವಂತೆ, ಹೊಸದಾಗಿ ಕಳಿಸಬೇಕಂತೆ. ಅವರು ಸಾಲ ಮಾಡಿ ಕಟ್ಟಲು ಹೊರಟಿದ್ದರು. ಆ ಹಸಿರು ಗೆರೆಯ ಹಿಂದೆ ಏನೂ ಇಲ್ಲ, ಅದು ಬರೀ ಚಿತ್ರ ಅಂತ ಅವರಿಗೆ ಹೇಳುವುದು ನನಗೆ ತುಂಬ ಕಷ್ಟವಾಯಿತು. ನಂಬಲು ಅವರಿಗೆ ಎರಡು ದಿನ ಬೇಕಾಯಿತು.

ಮೊದಲ ಸಲ ದುಡ್ಡು ವಾಪಸ್ ಬಂದದ್ದೇ ಗಾಳದ ಎರೆ. ಅದಕ್ಕೇ ಹೊರಗಿನ ಬಾಗಿಲು ತೆರೆದು ನೋಡಿ ಅಂತ ನಾನು ಎಕ್ಸ್‌ಚೇಂಜಿನ ವಿಷಯದಲ್ಲಿ ಹೇಳಿದ ಪರೀಕ್ಷೆ ಇಲ್ಲಿ ಒಂದೇ ಸಾಲದು. ಐದೂ ಪ್ರಶ್ನೆ ಕೇಳಿ. ಕೀಲಿ ಅವರ ಕೈಲಿ. ತಪ್ಪಾದರೆ ಕೇಳಲು ಚಾಟ್‌ನಲ್ಲಿರುವ ಒಂದು ಹೆಸರು ಮಾತ್ರ. ಹೊರಗೆ ಬರಲು ಮತ್ತೆ ದುಡ್ಡು. ಎಚ್ಚರ ಬೇಡ, ನಂಬಿಕೆ ಸಾಕು ಅನ್ನುತ್ತಾರೆ. ಮನೆಯವರಿಗೆ ಹೇಳಬೇಡಿ ಅನ್ನುವುದೂ ಉಂಟು. ಒಂದಕ್ಕೂ ಒಳ್ಳೆಯ ಉತ್ತರ ಇಲ್ಲ.

ಮೋಸ ಹೋದವರೆಲ್ಲ ದಡ್ಡರು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಕ್ರಿಪ್ಟೊಗೆ ಸಂಬಂಧಿಸಿದ ಮೋಸಗಳಲ್ಲಿ 2024ರಲ್ಲಿ ಜನ ಎಫ್‌ಬಿಐಗೆ ದೂರು ಕೊಟ್ಟ ನಷ್ಟವೇ 930 ಕೋಟಿ ಡಾಲರ್. ವನ್‌ಕಾಯಿನ್ ಅನ್ನುವ ಯೋಜನೆ 400 ಕೋಟಿ ಡಾಲರಿಗೂ ಜಾಸ್ತಿ ಎತ್ತಿತು, ಅದರ ಹಿಂದೆ ನಿಜವಾದ ಬ್ಲಾಕ್‌ಚೈನೇ, ಅಂದರೆ ಮೊದಲು ಹೇಳಿದಂಥ ಲೆಕ್ಕದ ಪುಸ್ತಕವೇ ಇರಲಿಲ್ಲ. ಅದನ್ನು ಕಟ್ಟಿದ ರುಜಾ ಇಗ್ನಾತೋವಾ 2017ರಲ್ಲಿ ಕಾಣೆಯಾದವರು, 2022ರಲ್ಲಿ ಎಫ್‌ಬಿಐನ ಹತ್ತು ಮಂದಿ ಪ್ರಮುಖ ಆರೋಪಿಗಳ ಪಟ್ಟಿ ಸೇರಿದರು.

ಆಗಲೇ ಕಳಕೊಂಡಿದ್ದರೆ ಇನ್ನೊಂದು ಪೈಸೆ ಕಳಿಸಬೇಡಿ. ಚಾಟ್, ವಿಳಾಸ, ವ್ಯವಹಾರದ ಸಂಖ್ಯೆ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಬ್ಯಾಂಕಿಗೆ, ಪೊಲೀಸರಿಗೆ ಅದೇ ದಿನ ಹೇಳಿ. ಆಮೇಲೆ "ಶುಲ್ಕ ಕೊಡಿ, ನಿಮ್ಮ ದುಡ್ಡು ವಾಪಸ್ ತರಿಸ್ತೀವಿ" ಅಂತ ಕರೆ ಬಂದೇ ಬರುತ್ತದೆ. ಅವರೂ ಅದೇ ಗುಂಪಿನವರು ಅಥವಾ ಅವರ ಪಟ್ಟಿ ಕೊಂಡವರು.

ನಿಮಗೆ ಯಾವುದು?

ಚಿಕ್ಕ ಮೊತ್ತ, ಕಲಿಯುವ ಕುತೂಹಲ ಇದ್ದರೆ ಎಕ್ಸ್‌ಚೇಂಜಿನಲ್ಲಿ ಶುರು ಮಾಡಿ, ಅದರಲ್ಲಿ ಚೂರು ಮೊಬೈಲ್ ವಾಲೆಟ್‌ಗೆ ತಂದು ಅಭ್ಯಾಸ ಮಾಡಿ. ಬೆಲೆ ಮಾತ್ರ ಬೇಕಾದರೆ, ವಯಸ್ಸಾದ ಅಪ್ಪ ಅಮ್ಮನ ಉಳಿತಾಯ ನೋಡಿಕೊಳ್ಳುವವರು ನೀವಾದರೆ, ಫಂಡ್. ದೊಡ್ಡ ಮೊತ್ತ, ಹತ್ತು ವರ್ಷ ಮುಟ್ಟುವುದಿಲ್ಲ, ಕಾಗದ ಜೋಪಾನ ಮಾಡುವ ಸ್ವಭಾವ ಇದೆ ಅಂದರೆ ಹಾರ್ಡ್‌ವೇರ್ ವಾಲೆಟ್. ತುರ್ತಿಗೆ ಎತ್ತಿಟ್ಟ ದುಡ್ಡಿಲ್ಲದಿದ್ದರೆ, ಸಾಲ ಇನ್ನೂ ಇದ್ದರೆ, ಅಥವಾ ಯಾರೋ ಅವಸರ ಮಾಡುತ್ತಿರುವುದರಿಂದ ಕೊಳ್ಳಲು ಹೊರಟಿದ್ದರೆ ಕೊಳ್ಳದೇ ಇರುವುದೇ ನಿಮ್ಮ ಆಯ್ಕೆ. ಅದರಿಂದ ನೀವು ಏನನ್ನೂ ಕಳಕೊಳ್ಳುವುದಿಲ್ಲ.

ವಾಲೆಟ್ ಆರಿಸಿಕೊಂಡವರಿಗೆ ಒಂದು ಕೆಲಸ ಹೇಳುತ್ತೇನೆ. ಬಿಡುವಿರುವ ದಿನ ಅರ್ಧ ಗಂಟೆ ಸಾಕು. ಪದಗಳನ್ನು ಕಾಗದದಲ್ಲಿ ಬರೆಯಿರಿ. ತೀರಾ ಚಿಕ್ಕ ಮೊತ್ತವನ್ನು ಆ ವಾಲೆಟ್‌ಗೆ ಕಳಿಸಿ. ಆಮೇಲೆ ವಾಲೆಟ್ ಪೂರ್ತಿ ಅಳಿಸಿಬಿಡಿ. ಕಾಗದ ನೋಡಿಕೊಂಡು ಒಂದೊಂದೇ ಪದ ಹಾಕಿ ಮತ್ತೆ ತೆರೆಯಿರಿ. ಒಂದು ಅಕ್ಷರ ನಿಮ್ಮ ಕೈಬರಹದಲ್ಲಿ ನಿಮಗೇ ಅರ್ಥವಾಗದೆ ಹೋದರೆ ಅದು ಇವತ್ತೇ ಗೊತ್ತಾಗಲಿ. ಆ ಚಿಕ್ಕ ಮೊತ್ತ ಮತ್ತೆ ಕಂಡ ಮೇಲೆ ಉಳಿದದ್ದನ್ನು ಕಳಿಸಿ.